ಮನಾಲಿ ಪ್ಯಾಕೇಜ್‌ನಲ್ಲಿ ‘ಫ್ಯಾಮಿಲಿ ಸ್ಕೀ ರೇಸ್’ ಇದೆಯಾ? ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ದಸರಾ ಮುಗಿದರೆ ಸಾಕು, ಮೈಸೂರಿನಲ್ಲಿ ಚಳಿಗಾಲದ ಪ್ಯಾಕೇಜ್‌ಗಳ ಸುಗ್ಗಿ ಶುರು. ಮನಾಲಿ, ಕಾಶ್ಮೀರ, ಔಲಿ ಅಂತ ಬೆಳಗಿನ ಪೇಪರ್ ಒಳಗಿಂದ ಪಾಂಪ್ಲೆಟ್ ಉದುರುತ್ತವೆ. ಈಚೆಗೆ ಅದರಲ್ಲಿ ಹೊಸದೊಂದು ಸೇರಿಕೊಂಡಿದೆ, ‘ಫ್ಯಾಮಿಲಿ ಸ್ಕೀ ರೇಸ್’. ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಕಾಲಿಗೆ ಸ್ಕೀ ಅನ್ನುವ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದಲ್ಲಿ ಜಾರುತ್ತಾ ರೇಸ್ ಮಾಡಬಹುದಂತೆ. ಎಲ್ಲರಿಗೂ ಮೆಡಲ್, ಸರ್ಟಿಫಿಕೇಟ್, ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ ‘ಮೊದಲ ಸಲದವರಿಗೂ ಸುಲಭ’.

ನಮ್ಮ ಮನೆಯವರು ಇಂಥದ್ದೇ ರೇಸ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡು ಬಂದಿದ್ದಾರೆ. ದೂರು ನಡೆಯುತ್ತಿರುವುದರಿಂದ ಏಜೆನ್ಸಿಯ ಹೆಸರು ಬರೆಯುವುದಿಲ್ಲ. ಹೆಸರು ಬದಲಾದರೂ ಮಾರುವ ರೀತಿ ಒಂದೇ, ಹಾಗಾಗಿ ಅದು ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ.

ಆಫೀಸಿನಲ್ಲಿ ಕೂರಿಸಿ ಕಾಫಿ ಕೊಟ್ಟು ಮಾತು ಶುರು ಮಾಡುತ್ತಾರೆ. “ಮೇಡಂ, ಪಾಪು ಸ್ಕೇಟಿಂಗ್ ಕ್ಲಾಸಿಗೆ ಹೋಗ್ತಾಳೆ ಅಲ್ವಾ? ಮುಗೀತು ಬಿಡಿ. ಹಿಮದ ಮೇಲೆ ಇನ್ನೂ ಸುಲಭ.” ಇವರು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ ಅಂತ ಗೊತ್ತಾದ ಮೇಲಂತೂ, “ಹಾಗಾದ್ರೆ ಸರ್‌ಗೆ ಗೋಲ್ಡ್ ಗ್ಯಾರಂಟಿ!” ಅಮೆರಿಕದಲ್ಲಿ ಸಂಸಾರ ಸಮೇತ ಇದನ್ನೇ ಮಾಡುತ್ತಾರೆ, ನಾಸ್ಟಾರ್ ಅಂತ ಅದರ ಹೆಸರು, ಅದೇ ಮಾದರಿ ನಮ್ಮದೂ, ಅಂತ ಒಂದು ವಿಡಿಯೋ ತೋರಿಸಿದರು. ರೇಸ್‌ಗೆ ಅಂತಲೇ ತಲೆಗೆ ಆರು ಸಾವಿರ ಬೇರೆ.

ನಾಸ್ಟಾರ್ ಇರುವುದು ನಿಜ. 1968ರಿಂದ ಅಲ್ಲಿನ ಸ್ಕೀ ರೆಸಾರ್ಟ್‌ಗಳಲ್ಲಿ ನಡೆಯುತ್ತಿರುವ ಹವ್ಯಾಸಿಗಳ ರೇಸ್ ಅದು. ಕಡಿದಾಗಿಲ್ಲದ ಇಳಿಜಾರಿನಲ್ಲಿ ಕೆಂಪು, ನೀಲಿ ಕೋಲುಗಳನ್ನು ನೆಟ್ಟಿರುತ್ತಾರೆ, ಗೇಟ್ ಅಂತಾರೆ ಅವಕ್ಕೆ. ಅವುಗಳ ಸುತ್ತ ತಿರುಗುತ್ತಾ ಇಳಿಯಬೇಕು. ಮೊದಲು ನುರಿತ ಸ್ಕೀಯರ್ ಒಬ್ಬರು ಇಳಿದು ಸಮಯ ದಾಖಲಿಸುತ್ತಾರೆ. ಅದನ್ನು ಇಟ್ಟುಕೊಂಡು ಆ ದಿನದ ಅಳತೆ ಲೆಕ್ಕ ಹಾಕುತ್ತಾರೆ. ಅಳತೆ 20 ಸೆಕೆಂಡ್ ಇದ್ದು ನೀವು 30 ತೆಗೆದುಕೊಂಡರೆ ಶೇಕಡಾ 50 ಹಿಂದೆ ಬಿದ್ದಿರಿ, ಅಂದರೆ ನಿಮ್ಮ ಹ್ಯಾಂಡಿಕ್ಯಾಪ್ 50. ಮೆಡಲ್ ಕೊಡುವುದು ವಯಸ್ಸು, ಗಂಡು ಹೆಣ್ಣು ನೋಡಿ. ಅಜ್ಜ ಮೊಮ್ಮಗಳು ಒಂದೇ ದಿನ ರೇಸ್ ಮಾಡಿ ತಮ್ಮ ತಮ್ಮ ಗುಂಪಿನಲ್ಲಿ ಗೆಲ್ಲಬಹುದು. ಒಳ್ಳೆಯ ಪದ್ಧತಿಯೇ. ಆದರೆ ಏಜೆನ್ಸಿಯವರು ನುಂಗಿದ ಒಂದು ಮಾತಿದೆ. ಆ ಗೇಟ್ ಹತ್ತಿರ ಬರುವವರಿಗೆ ತಿರುಗುವುದು, ನಿಲ್ಲುವುದು ಮೊದಲೇ ಬರುತ್ತಿರುತ್ತದೆ. ಆ ವಿಡಿಯೋದಲ್ಲಿದ್ದ ಮಗು ಮೂರು ವರ್ಷಕ್ಕೇ ಹಿಮಕ್ಕೆ ಇಳಿದದ್ದೋ ಏನೋ. ನಮ್ಮ ಕುವೆಂಪುನಗರದ ಮಕ್ಕಳು ಐಸ್ ನೋಡಿರುವುದು ಫ್ರಿಜ್ ಒಳಗೆ.

ಹೋಗುವ ಪ್ರಯಾಣ, ಹೋಟೆಲ್ ಬಗ್ಗೆ ನನ್ನದೇನೂ ತಕರಾರಿಲ್ಲ. ದೆಹಲಿಯಿಂದ ರಾತ್ರಿ ವೋಲ್ವೊ, ಬೆಳಿಗ್ಗೆ ಮನಾಲಿ. ಊಟಕ್ಕೆ ದಿನಾ ರಾಜ್ಮಾ. ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಹೋಗಿದ್ದೆ, ಬಚಾವ್.

ತೊಂದರೆ ಶುರುವಾಗಿದ್ದು ಮನಾಲಿ ಹತ್ತಿರದ ಸೋಲಾಂಗ್ ಕಣಿವೆಯಲ್ಲಿ. ರೇಸ್ ಅಲ್ಲೇ ಅಂತ ಪಾಂಪ್ಲೆಟ್‌ನಲ್ಲಿ ಇತ್ತು, ‘ಹಿಮ ಗ್ಯಾರಂಟಿ’ ಅಂತಲೂ ಇತ್ತು. ಹೋಗಿ ನೋಡಿದರೆ ಕಂದು ಹುಲ್ಲು, ಅಲ್ಲಲ್ಲಿ ಬಿಳಿ ತೇಪೆ. ಈ ಗ್ಯಾರಂಟಿ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಅಲ್ಲಿ ಚಳಿಗಾಲದ ಹಿಮ ಬೀಳುವುದು ಪಶ್ಚಿಮದಿಂದ ಬರುವ, ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುವ ಮಳೆ, ಹಿಮದ ಮಾರುತಗಳಿಂದ. ಅವು ಕೈಕೊಟ್ಟ ವರ್ಷ ಯಾರೂ ಏನೂ ಮಾಡಲಾಗದು. 2023ರಲ್ಲಿ ಔಲಿಯ ರಾಷ್ಟ್ರೀಯ ಸ್ಕೀ ಸ್ಪರ್ಧೆಯೇ ಹಿಮವಿಲ್ಲದೆ ರದ್ದಾಯಿತು. 2025ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಫೆಬ್ರವರಿಯಿಂದ ಮಾರ್ಚ್‌ಗೆ ತಳ್ಳಬೇಕಾಯಿತು. ಸರ್ಕಾರದ ಕೈಲಿ ಆಗದ ಗ್ಯಾರಂಟಿಯನ್ನು ಮೈಸೂರಿನ ಏಜೆಂಟ್ ಕೊಡುತ್ತಾನೆ!

“ಚಿಂತೆ ಬೇಡ, ಟನಲ್ ಆಚೆ ಹಿಮ ಇದೆ” ಅಂದರು. ಅಟಲ್ ಸುರಂಗ ದಾಟಿದರೆ ಲಾಹೌಲ್, ಅಲ್ಲಿ ಸಿಸ್ಸು ಅಂತ ಊರು. ಸುರಂಗವೇ 9 ಕಿಲೋಮೀಟರ್. ಆಚೆ ಬದಿ ರಸ್ತೆಯಲ್ಲಿ ಹಿಮ, ಫೋರ್ ಬೈ ಫೋರ್ ಗಾಡಿಗೆ ಮಾತ್ರ ಪೊಲೀಸರು ದಾರಿ ಬಿಡುತ್ತಿದ್ದರು. ಅದರ ಬಾಡಿಗೆ ನಮ್ಮದೇ ಜೇಬಿನಿಂದ. ಸಿಸ್ಸು ಸುಮಾರು 3,100 ಮೀಟರ್ ಎತ್ತರದಲ್ಲಿದೆ, ಮೈಸೂರು 770 ಮೀಟರ್ ಆಸುಪಾಸು. ಮಗನಿಗೆ ತಲೆನೋವು, ಮಗಳಿಗೆ ವಾಂತಿ. ಇಳಿದು ಸ್ವಲ್ಪ ಸುಧಾರಿಸಿಕೊಳ್ಳೋಣ ಅಂದರೆ, ಸಂಜೆ ಒಳಗೆ ವಾಪಸ್ ಸುರಂಗ ದಾಟಬೇಕು, ಬೇಗ ಬೇಗ ಅಂತ ಅವಸರ.

ಈಗ ಬಾಡಿಗೆ ಸಾಮಾನಿನ ವಿಷಯ. ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ಪೆಟ್ಟು ಆಗಿದ್ದು ಇಲ್ಲಿಂದಲೇ.

ಮನಾಲಿಯಿಂದ ಹೊರಡುವ ರಸ್ತೆ ಉದ್ದಕ್ಕೂ ನಂಬರ್ ಹಾಕಿದ ಸಾಲು ಸಾಲು ಅಂಗಡಿಗಳಿವೆ. ಕೋಟು, ಗಮ್‌ಬೂಟು, ಗ್ಲೌಸು, ಸ್ಕೀ ಎಲ್ಲ ಅಲ್ಲೇ ಬಾಡಿಗೆಗೆ. ಡ್ರೈವರ್ ತನಗೆ ಗೊತ್ತಿರುವ ಅಂಗಡಿ ಮುಂದೆ ನಿಲ್ಲಿಸುತ್ತಾನೆ. ಕೋಟು ಹೇಗಿದ್ದರೂ ನಡೆಯುತ್ತೆ. ಸ್ಕೀ ಬೂಟು ಹಾಗಲ್ಲ. ಅದು ಗಟ್ಟಿ ಪ್ಲಾಸ್ಟಿಕ್‌ನದು, ಕಾಲಿಗೆ ಬಿಗಿಯಾಗಿ ಹಿಡಿಯಬೇಕು. ನೇರ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮಂಡಿ ಬಗ್ಗಿಸಿದಾಗ ಸ್ವಲ್ಪ ಹಿಂದಕ್ಕೆ ಬರಬೇಕು. ಹಿಮ್ಮಡಿ ಮೇಲಕ್ಕೆ ಏಳಬಾರದು. ನಮಗೆ ಚಪ್ಪಲಿ ನಂಬರ್ ಕೇಳಿ, ಅದಕ್ಕಿಂತ ಒಂದು ದೊಡ್ಡದು ಕೊಟ್ಟು, ಎರಡೆರಡು ಸಾಕ್ಸ್ ಹಾಕಿಸಿದರು. ನನ್ನ ಕಾಲು ಒಳಗೆ ಒರಳಿನಲ್ಲಿ ಒನಕೆ ಆಡಿದ ಹಾಗೆ ಆಡುತ್ತಿತ್ತು. ಹೇಳಿದ್ದಕ್ಕೆ “ಆರಾಮ ಇರ್ತದೆ ಮೇಡಂ” ಅಂದ ಏಜೆನ್ಸಿಯ ಹುಡುಗ. ಬೂಟಿನೊಳಗೆ ಕಾಲು ಜರುಗಿದರೆ ನೀವು ಒಂದು ಕಡೆ ತಿರುಗಿಸಿದರೂ ಸ್ಕೀ ತನ್ನ ಪಾಡಿಗೆ ಹೋಗುತ್ತೆ.

ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಭಾಗಕ್ಕೆ ಬೈಂಡಿಂಗ್ ಅಂತಾರೆ. ಬಿದ್ದಾಗ ಅದು ತಾನಾಗಿ ಬಿಟ್ಟುಕೊಂಡು ಸ್ಕೀ ಕಳಚಬೇಕು. ಇಲ್ಲದಿದ್ದರೆ ಅಷ್ಟುದ್ದದ ಸ್ಕೀ ಒಂದು ಕಡೆ, ಮೈ ಒಂದು ಕಡೆ ತಿರುಗಿ, ಮಧ್ಯದಲ್ಲಿ ಮಂಡಿ ಸಿಕ್ಕಿಕೊಳ್ಳುತ್ತೆ. ಬೈಂಡಿಂಗ್‌ನ ಮುಂದೆ, ಹಿಂದೆ ಎರಡೂ ಕಡೆ ಪುಟ್ಟ ಕಿಟಕಿ, ಅದರಲ್ಲಿ ಒಂದು ನಂಬರ್ ಕಾಣುತ್ತೆ. ಡಿನ್ ನಂಬರ್ ಅನ್ನುತ್ತಾರೆ. ಪಕ್ಕದ ಸ್ಕ್ರೂ ತಿರುಗಿಸಿ ಅದನ್ನು ಏರಿಸಬಹುದು, ಇಳಿಸಬಹುದು. ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನಿಮಗೆ ಎಷ್ಟು ಸ್ಕೀ ಬರುತ್ತೆ ಅನ್ನುವುದು, ಇಷ್ಟನ್ನೂ ಕೇಳಿ ಇಡಬೇಕಾದ ನಂಬರ್ ಅದು. ಹೊಸಬರಿಗೆ ಕಡಿಮೆ ಇಡುತ್ತಾರೆ, ಬೇಗ ಕಳಚಲಿ ಅಂತ. ನಮ್ಮನ್ನು ಯಾರೂ ತೂಕ ಕೇಳಲಿಲ್ಲ. ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಕೂಡ ನನ್ನ ಕಣ್ಣಿಗೆ ಬೀಳಲಿಲ್ಲ.

ಮಗ ಅಂದು ಎಲ್ಲರ ಸ್ಕೀಯ ಫೋಟೋ ಹತ್ತಿರದಿಂದ ತೆಗೆದಿದ್ದ, ಸುಮ್ನೆ ಗೆಳೆಯರಿಗೆ ಕಳಿಸೋಕೆ. ಆಮೇಲೆ ಮೈಸೂರಿನಲ್ಲಿ ಮೂಳೆ ಡಾಕ್ಟರು “ಬಿದ್ದಾಗ ಸ್ಕೀ ಬಿಟ್ಟುಕೊಂಡಿತಾ?” ಅಂತ ಕೇಳಿದ ಮೇಲೆ ಆ ಫೋಟೋ ಜೂಮ್ ಮಾಡಿ ನೋಡಿದೆವು. 84 ಕೆಜಿಯ ಅಪ್ಪನ ಬೈಂಡಿಂಗ್‌ನಲ್ಲೂ 8. ಅವರ ಅರ್ಧ ತೂಕದ ಮಗನ ಬೈಂಡಿಂಗ್‌ನಲ್ಲೂ 8. ಆ ತೂಕದ, ಹೊಸದಾಗಿ ಕಲಿಯುವ ಹುಡುಗನಿಗೆ ಅದರ ಅರ್ಧಕ್ಕಿಂತ ಕಡಿಮೆ ಇರಬೇಕಿತ್ತು. ಅವನು ಅಂದು ಜೋರಾಗಿ ಬೀಳಲಿಲ್ಲ, ಅದು ನಮ್ಮ ಪುಣ್ಯ.

ಕಲಿಸಲು ಬಂದವನು ಇಪ್ಪತ್ತೂ ದಾಟದ ಹುಡುಗ. ತುಂಬಾ ಒಳ್ಳೆಯವನು, ಮಗಳ ಬೂಟಿನ ಕೊಂಡಿ ಹಾಕಿಕೊಟ್ಟು, ಕೈಹಿಡಿದು ನಡೆಸಿದ. ಅವನನ್ನು ಬೈಯಲು ಮನಸ್ಸಿಲ್ಲ. ಸೀಸನ್ ಕೂಲಿಗೆ ಬಂದವನು, ಹೇಳಿದ್ದಷ್ಟು ಮಾಡಿದ. ಎರಡು ಸ್ಕೀಗಳ ಮೂತಿ ಹತ್ತಿರ ತಂದು, ಹಿಂಭಾಗ ಅಗಲಿಸಿ ನಿಲ್ಲುವುದನ್ನು ಕಲಿಸಿದ. ‘ಪಿಜ್ಜಾ’ ಅಂತಾರೆ ಅದಕ್ಕೆ. ಮಕ್ಕಳು ಪಿಜ್ಜಾ ಪಿಜ್ಜಾ ಅಂತ ಕೂಗಿದ್ದೇ ಕೂಗಿದ್ದು. ಸಮತಟ್ಟು ಜಾಗದಲ್ಲಿ ಬರುತ್ತಿತ್ತು ಕೂಡ. ತಿರುಗುವುದನ್ನು ಕಲಿಯುವ ಮುಂಚೆಯೇ ಮ್ಯಾಗಿ ಬಂತು, ಮ್ಯಾಗಿ ಆದ ಮೇಲೆ ರೇಸ್ ಅಂದರು.

ರೇಸ್‌ನ ಜಾಗ ಅಂದರೆ ಎಲ್ಲರೂ ಓಡಾಡುವ ಅದೇ ಇಳಿಜಾರು. ಪಕ್ಕದಲ್ಲಿ ಟ್ಯೂಬ್‌ನಲ್ಲಿ ಜಾರುವವರು, ಅಡ್ಡಡ್ಡ ಸ್ಲೆಡ್ಜ್ ಎಳೆಯುವವರು. ಹಗ್ಗ ಇಲ್ಲ, ಬಲೆ ಇಲ್ಲ. ಬಿದಿರು ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನೆಟ್ಟಿದ್ದೇ ಗೇಟ್. ಮಕ್ಕಳಿಗೆ ಸೈಕಲ್ ಹೆಲ್ಮೆಟ್, ದೊಡ್ಡವರಿಗೆ ಉಣ್ಣೆ ಟೋಪಿ. ಟೈಮ್ ನೋಡಲು ಒಬ್ಬರ ಮೊಬೈಲ್.

ಮೊದಲು ಮಗಳನ್ನು ಬಿಟ್ಟರು. ಅವಳು ಒಂದು ಗೇಟನ್ನೂ ಸುತ್ತಲಿಲ್ಲ, ನೆಟ್ಟಗೆ ಬಂದಳು. ಅಷ್ಟು ವೇಗದಲ್ಲಿ ಪಿಜ್ಜಾ ಎಲ್ಲಿ ನಿಲ್ಲಿಸುತ್ತೆ? ಕೆಳಗೆ ರಾಶಿ ಹಾಕಿದ್ದ ಟ್ಯೂಬ್‌ಗಳಿಗೆ ಹೋಗಿ ಡಿಕ್ಕಿ. ನಾನು ಓಡುತ್ತಿದ್ದೇನೆ, ಇವಳು ಅಳುತ್ತಿದ್ದಾಳೆ, ಮೇಲಿಂದ ಏಜೆನ್ಸಿಯವನು ಚಪ್ಪಾಳೆ ತಟ್ಟಿ “ಸೂಪರ್! ಬೆಸ್ಟ್ ಟೈಮ್!” ಅಂತ ಕೂಗುತ್ತಿದ್ದಾನೆ. ಟ್ಯೂಬ್ ಇರದಿದ್ದರೆ ಅದರ ಹಿಂದೆ ನಿಂತ ಜೀಪೇ ಗತಿ.

ನಾನು ಇಲ್ಲಿಗೆ ನಿಲ್ಲಿಸಿ ಅಂದೆ. ಅಷ್ಟರಲ್ಲಿ ಇವರನ್ನು ಮೇಲಿಂದ ಬಿಟ್ಟಾಗಿತ್ತು. ಮೂರನೇ ಕೋಲಿನ ಹತ್ತಿರ ತಿರುಗಲು ನೋಡಿದರು. ಬಲಗಾಲಿನ ಸ್ಕೀ ಮೆತ್ತನೆ ಹಿಮದಲ್ಲಿ ಹುಗಿಯಿತು, ಮೈ ಮುಂದಕ್ಕೆ ತಿರುಗಿತು. ಬೈಂಡಿಂಗ್ ಬಿಡಲೇ ಇಲ್ಲ. “ಟಪ್ ಅಂತ ಕೇಳಿಸ್ತು ಕಣೇ” ಅಂದರು ಆಮೇಲೆ. ಹೊತ್ತು ತರಲು ಸ್ಟ್ರೆಚರ್ ಇಲ್ಲ, ಒಂದು ಬ್ಯಾಂಡೇಜ್ ಇಲ್ಲ. ನಮ್ಮ ಡ್ರೈವರ್ ಮತ್ತು ಯಾರೋ ಪಂಜಾಬಿನ ಹುಡುಗರು ಸೇರಿ ಸ್ಲೆಡ್ಜ್ ಮೇಲೆ ಮಲಗಿಸಿ ರಸ್ತೆಗೆ ಎಳೆದು ತಂದರು. ಸುರಂಗದ ಮುಂದೆ ಗಾಡಿಗಳ ಸಾಲು. ಮನಾಲಿ ಆಸ್ಪತ್ರೆ ಸೇರುವಾಗ ಕತ್ತಲಾಗಿತ್ತು. ಎಕ್ಸ್‌ರೇಯಲ್ಲಿ ಮೂಳೆ ಸರಿಯಿತ್ತು. ಮೈಸೂರಿಗೆ ಬಂದು ಎಂಆರ್‌ಐ ಮಾಡಿಸಿದಾಗ ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಪೂರ್ತಿ ಹರಿದಿದೆ ಅಂದರು. ಸ್ಕೀಯಿಂಗ್‌ನಲ್ಲಿ ತೀರಾ ಸಾಮಾನ್ಯ ಪೆಟ್ಟಂತೆ ಇದು. ಆಪರೇಷನ್ ಆಯಿತು, ಫಿಸಿಯೋಥೆರಪಿ ಇನ್ನೂ ನಡೀತಿದೆ. ಮೆಡಲ್ ಮಾತ್ರ ಹೋಟೆಲ್ ರೂಮಿಗೇ ತಲುಪಿತು, ಹಿಂದಿನ ವರ್ಷದ ಇಸವಿ ಅಚ್ಚಾಗಿದ್ದದ್ದು.

ಇನ್ಶೂರೆನ್ಸ್ ಕತೆ ಇನ್ನೊಂದು. ಪ್ಯಾಕೇಜ್ ಜೊತೆ ಕೊಟ್ಟ ಟ್ರಾವೆಲ್ ಪಾಲಿಸಿಯಲ್ಲಿ ‘ಯಾವುದೇ ರೇಸ್‌ನಲ್ಲಿ ಆದ ಪೆಟ್ಟಿಗೆ ಅನ್ವಯಿಸದು’ ಅಂತ ಇದೆ. ರೇಸ್ ಮಾರಿದವರೇ ಕೊಟ್ಟ ಪಾಲಿಸಿ, ನೆನಪಿರಲಿ! ಆಪರೇಷನ್ ಖರ್ಚಿಗೆ ಕೈಹಿಡಿದದ್ದು ನಮ್ಮ ಮಾಮೂಲಿ ಹೆಲ್ತ್ ಪಾಲಿಸಿ. ಅದರಲ್ಲಿ ಹೊರಗಿಟ್ಟಿರುವುದು ಸಾಹಸ ಕ್ರೀಡೆಯನ್ನು ವೃತ್ತಿಯಾಗಿ ಮಾಡುವವರನ್ನು ಮಾತ್ರ. ನಿಮ್ಮ ಪಾಲಿಸಿಯ ಆ ಪುಟವನ್ನು ಹೊರಡುವ ಮುಂಚೆ ಓದಿಕೊಳ್ಳಿ.

ಹಾಗಂತ ಸ್ಕೀ ಕಲಿಯಲೇಬೇಡಿ ಅಂತ ಹೇಳುತ್ತಿಲ್ಲ. ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಖೇಲೋ ಇಂಡಿಯಾ ಚಿನ್ನ ತಂದವರು. ಹಿಮವಿಲ್ಲದ ಊರಿನವರಿಗೂ ಇದು ಒಲಿಯುತ್ತೆ, ಕಲಿಯಬೇಕಷ್ಟೆ. ಮನಾಲಿಯಲ್ಲಿ ಸರ್ಕಾರದ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇದೆ, ಗುಲ್ಮಾರ್ಗ್‌ನಲ್ಲೂ ಕೇಂದ್ರ ಸರ್ಕಾರದ ಸ್ಕೀ ಸಂಸ್ಥೆ ಇದೆ, ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮದವರು ಕಲಿಸುತ್ತಾರೆ. ಮನಾಲಿ ಸಂಸ್ಥೆಯ ಬೇಸಿಕ್ ಕೋರ್ಸೇ ಎರಡು ವಾರದ ಆಸುಪಾಸಿನದು. ಅದನ್ನು ಒಂದು ಬೆಳಿಗ್ಗೆಯಲ್ಲಿ, ಮ್ಯಾಗಿಗೆ ಮುಂಚೆ ಕಲಿಸಿಬಿಡುತ್ತೇವೆ ಅನ್ನುವವರಿಗೆ ಏನು ಹೇಳೋಣ?

ಪ್ಯಾಕೇಜ್ ಬುಕ್ ಮಾಡಲೇಬೇಕು ಅಂದರೆ, ಹಿಮ ಇಲ್ಲದಿದ್ದರೆ ರೇಸ್ ದುಡ್ಡು ವಾಪಸ್ಸಾ, ಬೇರೆ ಜಾಗಕ್ಕೆ ಹೋದರೆ ಗಾಡಿ ಬಾಡಿಗೆ ಯಾರದು ಅಂತ ಬರಹದಲ್ಲಿ ತೆಗೆದುಕೊಳ್ಳಿ. ಕಲಿಸುವವರ ಸರ್ಟಿಫಿಕೇಟ್ ತೋರಿಸಲು ಹೇಳಿ. ಬೈಂಡಿಂಗ್ ಯಾರು ಹೊಂದಿಸುತ್ತಾರೆ ಅಂತ ಕೇಳಿ, ಎದುರಿಗಿರುವವರು ಪಿಳಿಪಿಳಿ ಕಣ್ಣು ಬಿಟ್ಟರೆ ಎದ್ದು ಬನ್ನಿ. ಇಳಿಜಾರಿನ ಮೇಲೆ ಒಂದು ಇಂಗ್ಲಿಷ್ ಫಾರಂ ಕೊಟ್ಟು ‘ಎಲ್ಲಾ ನನ್ನ ಜವಾಬ್ದಾರಿ’ ಅಂತ ಸಹಿ ಹಾಕಿಸುತ್ತಾರೆ, ಗ್ಲೌಸ್ ಬಿಚ್ಚಿಸಿ. ಈಗ ನಮಗೆ ಅದನ್ನೇ ತೋರಿಸುತ್ತಿದ್ದಾರೆ. ಆ ಒಂದು ಸಹಿಯಿಂದ ಅವರ ಸೇವಾ ಲೋಪ ಮುಚ್ಚಿಹೋಗಲ್ಲ ಅಂತ ನಮ್ಮ ವಕೀಲರು ಹೇಳಿದ್ದಾರೆ.

ಘಟನೆ ನಡೆದದ್ದು ಹಿಮಾಚಲದಲ್ಲಿ, ಅಲ್ಲಿಗೇ ಹೋಗಿ ಕೇಸ್ ಹಾಕಿ ಅಂತ ಏಜೆನ್ಸಿಯವರು ಹೆದರಿಸಿದರು. ಸುಳ್ಳು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಾವು ಕೊಟ್ಟಿರುವುದು ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ. ನೀವು ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ. ಏನೂ ತೋಚದಿದ್ದರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮೈಸೂರು, ಮಂಡ್ಯ ಕಡೆಯಿಂದ ಇಂಥ ರೇಸ್‌ಗೆ ಹೋಗಿ ಪೆಟ್ಟು ಮಾಡಿಕೊಂಡವರು ಇನ್ನೂ ಇದ್ದರೆ ಪಾಂಪ್ಲೆಟ್, ರಸೀದಿ, ವಾಟ್ಸಾಪ್ ಮೆಸೇಜ್, ಸ್ಕೀಯ ಫೋಟೋ ಯಾವುದನ್ನೂ ಅಳಿಸಬೇಡಿ. ದೂರು ಕೊಡಲು ಎರಡು ವರ್ಷ ಅವಕಾಶ ಇದೆ.