ಇಯರ್ನ್ ವಾಲ್ಟ್: ಹಣ ಇಡಲು ಅಡ್ಡಿಯಿಲ್ಲ, ಓಟಿನ ಆಸೆ ಬೇಡ

ಬ್ಯಾಂಕಿಲ್ಲದೆ ಕೋಡ್‌ನಿಂದಲೇ ನಡೆಯುವ ಕ್ರಿಪ್ಟೊ ಸೇವೆ ಇಯರ್ನ್ ಫೈನಾನ್ಸ್‌ನ ವಾಲ್ಟ್‌ನಲ್ಲಿ, ಅಂದರೆ ಹಲವರ ಹಣ ಕೂಡಿಸಿ ಬಡ್ಡಿಗೆ ತೊಡಗಿಸುವ ಖಜಾನೆಯಲ್ಲಿ, ನಾನು ಹಣ ಇಟ್ಟು ಕೆಲವು ಕಾಫಿ ಕೊಯ್ಲು ಕಳೆದಿವೆ. ಗೋಣಿಕೊಪ್ಪದ ಕಡೆ ನಮ್ಮದು ಸಣ್ಣ ತೋಟ, ಹೆಚ್ಚಿನದು ರೊಬಸ್ಟಾ. ವರ್ಷದ ದುಡ್ಡು ಫೆಬ್ರವರಿ, ಮಾರ್ಚ್‌ನಲ್ಲಿ ಒಟ್ಟಿಗೆ ಬರುತ್ತದೆ, ಖರ್ಚು ಮಾತ್ರ ಹನ್ನೆರಡು ತಿಂಗಳೂ. ನಡುವೆ ಸುಮ್ಮನೆ ಕೂರುವ ಹಣದಲ್ಲಿ, ಹೋದರೂ ತೋಟದ ಕೆಲಸ ನಿಲ್ಲದಷ್ಟು ಪಾಲನ್ನು ಮಾತ್ರ ಇಲ್ಲಿ ಇಟ್ಟಿದ್ದೇನೆ. ಟ್ರೇಡಿಂಗ್ ಮಾಡುವವರಿಗೆ ಈ ವಿಮರ್ಶೆಯಿಂದ ಏನೂ ಸಿಗದು.

ನೀವು ಯುಎಸ್‌ಡಿಸಿ (ಒಂದಕ್ಕೆ ಒಂದು ಡಾಲರ್ ಬೆಲೆ ನಿಲ್ಲುವಂತೆ ಮಾಡಿದ ಕ್ರಿಪ್ಟೊ ನಾಣ್ಯ) ಹಾಕಿದರೆ ಬದಲಿಗೆ ವಾಲ್ಟ್‌ನ ಪಾಲಿನ ಟೋಕನ್, ಶೇರಿನಂಥ ಡಿಜಿಟಲ್ ಚೀಟಿ, ಬರುತ್ತದೆ. ಟೋಕನ್‌ಗಳ ಸಂಖ್ಯೆ ಹೆಚ್ಚುವುದಿಲ್ಲ, ಒಂದೊಂದರ ಬೆಲೆ ನಿಧಾನಕ್ಕೆ ಏರುತ್ತದೆ. ಆವೆ, ಕಾಂಪೌಂಡ್ ತರದ ಕ್ರಿಪ್ಟೊ ಸಾಲದ ಮಾರುಕಟ್ಟೆಗಳಲ್ಲಿ ಹಣ ತೊಡಗಿಸಿ, ಬಂದ ಬಡ್ಡಿಯನ್ನು ಮತ್ತೆ ಅಸಲಿಗೆ ಸೇರಿಸುವ ಕೆಲಸವೆಲ್ಲ ಕೋಡ್‌ನದು. ಮ್ಯೂಚುವಲ್ ಫಂಡ್‌ನವರು ಪೋರ್ಟ್‌ಫೋಲಿಯೊ ತೋರಿಸಲಿ ಎಂದು ತಿಂಗಳು ಕಾಯಬೇಕು. ಇಲ್ಲಿ ಹಣ ಈ ಹೊತ್ತು ಎಲ್ಲಿದೆ ಎಂದು, ಈಥೀರಿಯಂ ಜಾಲದ ವಹಿವಾಟೆಲ್ಲ ತೋರಿಸುವ ಈಥರ್‌ಸ್ಕ್ಯಾನ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಈ ಒಂದು ವಿಷಯದಲ್ಲಿ ನನಗೆ ತಕರಾರೇ ಇಲ್ಲ.

ಹಣ ಹಾಕಲು ಮೊದಲು ಅಪ್ರೂವ್ (ನಿಮ್ಮ ಹಣ ತೆಗೆದುಕೊಳ್ಳಲು ವಾಲ್ಟ್‌ಗೆ ಅನುಮತಿ), ಆಮೇಲೆ ಡೆಪಾಸಿಟ್, ಹೀಗೆ ಕ್ರಿಪ್ಟೊ ಇಡುವ ಆಪ್ ಆದ ವಾಲೆಟ್‌ನಲ್ಲಿ ಎರಡು ಸಲ ಸಹಿ ಮಾಡಬೇಕು. ಅಪ್ರೂವ್ ಕೇಳುವಾಗ ಮಿತಿಯೇ ಇಲ್ಲದ ಅನುಮತಿ ಕೇಳುವುದುಂಟು; ಹಾಕುವಷ್ಟೇ ಮೊತ್ತ ಬರೆದು ಒಪ್ಪಿ. ಸಣ್ಣ ಮೊತ್ತವಾದರೆ ಈಥೀರಿಯಂನ ಮೂಲ ಜಾಲಕ್ಕೆ ಹೋಗಬೇಡಿ, ಪ್ರತಿ ವಹಿವಾಟಿಗೆ ಜಾಲಕ್ಕೆ ಕೊಡುವ ಗ್ಯಾಸ್ ಶುಲ್ಕವೇ ಬಡ್ಡಿಯನ್ನು ನುಂಗಬಹುದು, ಅದರ ಮೇಲೆ ಕಟ್ಟಿದ ಅಗ್ಗದ ಜಾಲ ಆರ್ಬಿಟ್ರಮ್ ಸಾಕು. ಇನ್ನು ವಾಲೆಟ್‌ಗೆ ಕೀಲಿಯಾದ ಗುಪ್ತ ಪದಗಳನ್ನು ಕಾಗದದಲ್ಲಿ ಬರೆದಿಡಿ ಎಂಬ ಸಲಹೆ ಕೊಡಗಿನ ಮಳೆಗಾಲ ಕಂಡವರು ಕೊಟ್ಟದ್ದಲ್ಲ. ಬೀರುವಿನೊಳಗಿನ ಪಹಣಿಗೇ ಬೂಷ್ಟು ಹಿಡಿಯುವ ಊರಿದು. ಸ್ಟೀಲ್ ತಗಡಿನ ಮೇಲೆ ಕೊರೆದಿಡಿ. ನೀವೇ ಕೊರೆಯಿರಿ, ಅಂಗಡಿಯವನ ಕೈಗೆ ಕೊಡಬೇಡಿ.

ಈಗ ಇಯರ್ನ್ ಹೇಳಿಕೊಳ್ಳುವ ‘ಸಮುದಾಯದ ಆಡಳಿತ’ಕ್ಕೆ, ಅಂದರೆ ಟೋಕನ್ ಇದ್ದವರ ಓಟಿಗೆ, ಬರೋಣ. 2020ರ ಜುಲೈಯಲ್ಲಿ ಇಯರ್ನ್ ಕಟ್ಟಿದ ಆಂಡ್ರೆ ಕ್ರೋನ್ಯೆ ವೈಎಫ್‌ಐ ಟೋಕನ್ (ಇದು ವಾಲ್ಟ್‌ನ ಪಾಲಿನದಲ್ಲ, ಓಟಿನದು) ಬಿಟ್ಟಾಗ ತನಗೆಂದು ಒಂದನ್ನೂ ಎತ್ತಿಟ್ಟುಕೊಳ್ಳಲಿಲ್ಲ. 30,000 ಟೋಕನ್‌ಗಳೂ ಬಳಕೆದಾರರಿಗೇ ಹೋದವು. 2021ರ ಆರಂಭದಲ್ಲಿ, ಕೆಲಸ ಮಾಡುವವರಿಗೆ ಸಂಬಳ ಕೊಡಲು ಇನ್ನೂ 6,666 ಟೋಕನ್ ಸೃಷ್ಟಿಸಲು ಟೋಕನ್‌ದಾರರೇ ಮತ ಹಾಕಿ ಒಪ್ಪಿದರು. ತಮ್ಮ ಪಾಲು ತೆಳ್ಳಗಾಗುತ್ತದೆ ಎಂದು ಗೊತ್ತಿದ್ದೂ ಒಪ್ಪಿದರಲ್ಲ, ಅದು ದೊಡ್ಡ ಮಾತೇ.

ಆದರೆ ಓಟಿನ ತೂಕ ಟೋಕನ್‌ನದು, ಹೆಚ್ಚು ಟೋಕನ್ ಇದ್ದವನದೇ ಹೆಚ್ಚು. ನಮ್ಮ ಸಹಕಾರ ಸಂಘದ ಮಹಾಸಭೆಯಲ್ಲಿ ಒಂದು ಶೇರಿನವನಿಗೂ ಒಂದೇ ಓಟು, ನೂರು ಶೇರಿನವನಿಗೂ ಒಂದೇ. ಇಯರ್ನ್‌ನ ಓಟಿನ ಲೆಕ್ಕವನ್ನು ಪಕ್ಕದ ತೋಟದ ಹುಡುಗನಿಗೆ ವಿವರಿಸಿದಾಗ ಅವನು, “ಹಾಗಾದ್ರೆ ದೊಡ್ಡ ಎಸ್ಟೇಟಿನವರು ಹೇಳಿದ್ದೇ ನಡೀತದಲ್ಲ ಅಣ್ಣ?” ಎಂದ. ಹೌದು, ಬಹುಮಟ್ಟಿಗೆ ಹಾಗೆಯೇ. 2021ರ ಮೇನಲ್ಲಿ ಒಂದು ವೈಎಫ್‌ಐ 90,000 ಡಾಲರ್ ಮುಟ್ಟಿತ್ತು. ಆ ಬೆಲೆ ಈಗಿಲ್ಲದಿದ್ದರೂ ನನ್ನಂಥವನ ಕೈಲಿರುವುದು ದಶಮಾಂಶದ ಬಿಂದುವಿನಾಚೆಯ ಓಟು. ಸ್ನ್ಯಾಪ್‌ಶಾಟ್ ಎಂಬ ಮತದಾನದ ತಾಣದಲ್ಲಿ ಮತ ಹಾಕಲು ಗ್ಯಾಸ್ ಬೇಡ, ಸಹಿ ಮಾಡಿದರಾಯಿತು. ಆದರೂ ಜುಲೈಯಲ್ಲಿ ಕರೆಂಟಿನ ಜೊತೆ ಟವರೂ ಹೋದರೆ ಮತದಾನದ ಅವಧಿ ಮುಗಿದ ಮೇಲೆಯೇ ನಮಗೆ ಸುದ್ದಿ.

ಮತ ಗೆದ್ದ ಪ್ರಸ್ತಾಪವೂ ತಾನಾಗಿ ಜಾರಿಯಾಗುವುದಿಲ್ಲ. ಒಂಬತ್ತು ಜನರ ಮಲ್ಟಿಸಿಗ್‌ನಲ್ಲಿ (ಹಲವರು ಸಹಿ ಹಾಕಿದರಷ್ಟೇ ತೆರೆಯುವ ಖಾತೆ) ಆರು ಸಹಿ ಬೀಳಬೇಕು. ಇದೆಂಥ ವಿಕೇಂದ್ರೀಕರಣ ಎಂದು ಗೊಣಗುವವರಿದ್ದಾರೆ. ಅವರು 2022ರ ಏಪ್ರಿಲ್‌ನ ಬೀನ್‌ಸ್ಟಾಕ್ ಎಂಬ ಇನ್ನೊಂದು ಕ್ರಿಪ್ಟೊ ಯೋಜನೆಯ ಪ್ರಕರಣ ನೋಡಲಿ: ಅಲ್ಲಿ ಒಬ್ಬ ಒಂದೇ ವಹಿವಾಟಿನ ಮಟ್ಟಿಗೆ ಫ್ಲ್ಯಾಶ್ ಸಾಲ (ಅಡಮಾನವಿಲ್ಲದೆ ಎತ್ತಿ ಆಗಲೇ ತೀರಿಸುವ ಸಾಲ) ಎತ್ತಿ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಓಟು ಮಾಡಿಕೊಂಡು, ಯೋಜನೆಯ ಹಣ ತನಗೇ ಬರುವಂಥ ತನ್ನದೇ ಪ್ರಸ್ತಾಪ ಪಾಸು ಮಾಡಿಸಿದ. ಯೋಜನೆಗೆ ಆದ ನಷ್ಟ ಸುಮಾರು 18 ಕೋಟಿ ಡಾಲರ್. ಸಹಿ ಹಾಕುವ ಮನುಷ್ಯರು ನಡುವೆ ಇದ್ದರೆ ಈ ಆಟ ನಡೆಯದು. ನನಗೆ ಆ ಆರು ಸಹಿಯೇ ವಾಸಿ. ಆದರೆ ಅದನ್ನು ಸಮುದಾಯದ ಆಡಳಿತ ಎನ್ನದೆ ಆಡಳಿತ ಮಂಡಳಿ ಎಂದೇ ಕರೆದರೆ ಪ್ರಾಮಾಣಿಕತೆ.

ಇಯರ್ನ್‌ಗೂ ಕಳಂಕವಿದೆ. 2021ರ ಫೆಬ್ರವರಿಯಲ್ಲಿ ಅದರ ಡೈ (ಇದೂ ಒಂದು ಡಾಲರ್ ಬೆಲೆಯ ನಾಣ್ಯ) ವಾಲ್ಟ್‌ನಿಂದ ಒಂದು ದಾಳಿಯಲ್ಲಿ ಸುಮಾರು 1.1 ಕೋಟಿ ಡಾಲರ್ ಸೋರಿತು. ವೈಎಫ್‌ಐ ಅಡವಿಟ್ಟು ಮೇಕರ್ ಎಂಬ ಕ್ರಿಪ್ಟೊ ಸಾಲದ ಸೇವೆಯಲ್ಲಿ ಸಾಲ ಎತ್ತಿ ಠೇವಣಿದಾರರಿಗೆ ತುಂಬಿಕೊಟ್ಟರು. ಹಾಗೆಂದು ಮುಂದಿನ ಸಲವೂ ಕೊಡಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ಬ್ಯಾಂಕ್ ಠೇವಣಿಗಿರುವ 5 ಲಕ್ಷದ ವಿಮೆ ಇಲ್ಲಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಬೆಲೆಬಾಳುವುದು ಓಟಲ್ಲ, ಹೊರಬರುವ ಹಕ್ಕು. ಹಿಡಿಸದಿದ್ದರೆ ಯಾರನ್ನೂ ಕೇಳದೆ ತೆಗೆಯಬಹುದು. ನಾನು ಪಾಲುಪಾಲಾಗಿ ತೆಗೆದಾಗಲೆಲ್ಲ ನಿಮಿಷಗಳಲ್ಲಿ ವಾಲೆಟ್‌ಗೆ ಬಂದಿದೆ. ತೊಡಕಿರುವುದು ಅಲ್ಲಿಂದ ರೂಪಾಯಿ ಮಾಡಿಕೊಳ್ಳುವುದರಲ್ಲಿ. ನಮ್ಮಲ್ಲಿಯ ಒಂದು ಎಕ್ಸ್‌ಚೇಂಜ್ (ಕ್ರಿಪ್ಟೊ ಕೊಂಡು ಮಾರುವ ಕಂಪನಿ) ನನ್ನ ಹಣ ತಡೆದು, ಮೂಲ ಎಲ್ಲಿಯದು ಎಂದು ಮತ್ತೆ ಮತ್ತೆ ಕೇಳಿತು. ಕೊನೆಗೆ ಕಾಫಿ ಮಾರಿದ ಬಿಲ್ಲುಗಳನ್ನೇ ಕಳಿಸಬೇಕಾಯಿತು. ಅದೂ ಗೊಬ್ಬರ ತರಬೇಕಾದ ಹೊತ್ತಿನಲ್ಲಿ.

ಮೇಲೆ ತೆರಿಗೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30, ಜುಲೈ 1ರಿಂದ ಮಾರುವಾಗ ಶೇ 1 ಟಿಡಿಎಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ರೂಪಾಯಿ ಕುಸಿದು ಯುಎಸ್‌ಡಿಸಿ ದುಬಾರಿಯಾದರೆ ಆ ವ್ಯತ್ಯಾಸವೂ ಲಾಭದ ಲೆಕ್ಕಕ್ಕೇ ಬರುತ್ತದೆ. “ಪ್ರತಿ ಎಂಟ್ರಿಗೂ ಅವತ್ತಿನ ರೂಪಾಯಿ ರೇಟು ಬರೆದುಕೊಂಡು ಬನ್ನಿ” ಎಂದು ಆಡಿಟರ್ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಇದನ್ನೆಲ್ಲ ಕಳೆದರೆ ಹಲವು ವರ್ಷ ಎಫ್‌ಡಿಯೇ ಮುಂದಿರುತ್ತದೆ.

ನಾಮಿನಿ ಫಾರಂ ಎಂಬುದೂ ಇಲ್ಲ. ತಗಡು ಬ್ಯಾಂಕ್ ಲಾಕರಿನಲ್ಲಿದೆ ಎಂದು ಮನೆಯವಳಿಗೆ ಹೇಳಿ, ಹಣ ತೆಗೆಯುವ ಕ್ರಮವನ್ನು ಅವಳ ಕೈಯಲ್ಲೇ ಒಮ್ಮೆ ಮಾಡಿಸಿದ್ದೇನೆ. ಇರುವುದನ್ನು ಸದ್ಯ ತೆಗೆಯುವುದಿಲ್ಲ, ಈ ಕೊಯ್ಲಿನ ಹಣದಿಂದ ಹೊಸದಾಗಿ ಸೇರಿಸುವುದೂ ಇಲ್ಲ. ಐದರಲ್ಲಿ ಮೂರು ನಕ್ಷತ್ರ, ಅದೂ ವಾಲ್ಟ್‌ಗೆ ಮಾತ್ರ.