ಜೆಲ್ಲಿಫಿಶ್ ಭಯಕ್ಕೆ ತಗೊಂಡ ರ‍್ಯಾಶ್‌ಗಾರ್ಡು
ಹೋದ್ ವರ್ಷ ಗೋಕರ್ಣದಲ್ಲಿ ನಮ್ ತಮ್ಮನಿಗೆ ಜೆಲ್ಲಿಫಿಶ್ ಕುಟುಕಿ ತೊಡೆ ಮೇಲೆ ಬರೆ ಎಳೆದಂಗೆ ಆಗಿತ್ತು, ಅದಕ್ಕೇ ಈ ಸಲ ಅಂಡಮಾನಿಗೆ ಹೊರಡೋ ಮುಂಚೆ ಜಯನಗರ 4ನೇ ಬ್ಲಾಕಲ್ಲಿ ಒಂದು ಅಂಗಡೀಲಿ ಈಜೋವಾಗ ಮೈಗಂಟೋ ಹಾಗೆ ಹಾಕ್ಕೊಳ್ಳೋ ಫುಲ್ ಸ್ಲೀವ್ ರ‍್ಯಾಶ್‌ಗಾರ್ಡು, ಲೆಗ್ಗಿಂಗ್ಸು ಎರಡೂ ಸೇರಿ 1,900 ಕೊಟ್ಟು ತಗೊಂಡೆ. ಲೈಕ್ರಾ ಬಟ್ಟೆ, ಬೇಗ ಒಣಗತ್ತೆ. ಜೆಲ್ಲಿಫಿಶ್ಶಿನ ಕುಟುಕು ಕಣಗಳು ಚರ್ಮಕ್ಕೆ ತಾಗಿದಾಗ ಸಿಡಿಯೋದು, ಹಂಗಾಗಿ ತೆಳು ಬಟ್ಟೆ ಅಡ್ಡ ಇದ್ರೂ ಎಷ್ಟೋ ವಾಸಿ. ಆದ್ರೆ ಅಂಗಡಿಯವ್ರು 'ಇದ್ ಹಾಕ್ಕೊಂಡ್ರೆ ಏನೂ ಆಗಲ್ಲ ಸಾರ್' ಅಂದಿದ್ದು ಬರೀ ಬುರುಡೆ, ಮುಖ ಅಂಗೈ ಪಾದ ಎಲ್ಲಾ ಓಪನ್ನೇ ತಾನೆ, ಕಲ್ಲಿನಂಗೆ ಕಾಣೋ ವಿಷದ ಮುಳ್ಳಿನ ಮೀನು ಸ್ಟೋನ್‌ಫಿಶ್ ತುಳಿದ್ರೆ ಲೈಕ್ರಾ ಏನ್ ಮಾಡತ್ತೆ, ದಪ್ಪ ಸೋಲ್ ಇರೋ ಶೂ ಬೇರೆ ತಗೋಬೇಕು. ದಡದಲ್ಲಿ ಸತ್ತು ಬಿದ್ದಿರೋ ಜೆಲ್ಲಿಫಿಶ್ ಕೂಡ ಕುಟುಕತ್ತೆ, ಮಕ್ಕಳನ್ನ ಮುಟ್ಟಕ್ಕೆ ಬಿಡ್ಬೇಡಿ. ಜಿಪ್ಪು ಎರಡನೇ ದಿನಕ್ಕೇ ಕೈಕೊಡ್ತು. 5ಕ್ಕೆ 3.