ಆಲ್ಟೊ 800ಕ್ಕೆ ಮನೆಯಲ್ಲೇ ಹಾಕಿದ ಬ್ರೇಕ್ ಪ್ಯಾಡ್: ಮೂರು ಮಳೆಗಾಲ, 34,000 ಕಿ.ಮೀ. ನಂತರ

ಕಾರು ಮಾರುತಿ ಆಲ್ಟೊ 800, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಹಾಕಿದ್ದು ಕಂಪನಿಯ ಜೆನ್ಯುಯಿನ್ ಮುಂದಿನ ಪ್ಯಾಡ್ ಸೆಟ್, ಹಿಂದಿನ ಬ್ರೇಕ್ ಶೂ ಸೆಟ್, ಹೊಸ ಬ್ರೇಕ್ ಆಯಿಲ್. ಓಡಾಟ ದಿನಾಲೂ ಹುಬ್ಬಳ್ಳಿ–ಧಾರವಾಡ, ಆಗಾಗ ಗದಗ ಕಡೆ, ವರ್ಷಕ್ಕೆ ಎರಡು ಮೂರು ಸಲ ಅರಬೈಲ್ ಘಟ್ಟ ಇಳಿದು ಅಂಕೋಲಾ.

ಪ್ಯಾಡ್ ಚೆನ್ನಾಗಿದೆ, ಕಣ್ಣು ಮುಚ್ಚಿ ತಗೊಳ್ಳಬಹುದು. ಆದರೆ ನಮ್ಮ ಎರಿಮಣ್ಣಿನ ಸೀಮೆಯಲ್ಲಿ ಪ್ಯಾಡ್ ಎಷ್ಟು ದಿನ ಬಾಳುತ್ತದೆ ಅನ್ನುವುದನ್ನು ನಿರ್ಧರಿಸುವುದು ಪ್ಯಾಡ್ ಅಲ್ಲ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸರಿದಾಡುವ ಕಡ್ಡಿ, ಅಂದರೆ ಸ್ಲೈಡ್ ಪಿನ್. ಈ ಮಾತನ್ನು ಪ್ಯಾಡ್ ಮಾರುವ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಳತೆ ನೋಡಿ. ಹೊಸ ಪ್ಯಾಡಿನ ಘರ್ಷಣೆಯ ಭಾಗ, ಹಿಂದಿನ ಕಬ್ಬಿಣದ ತಗಡು ಬಿಟ್ಟು, ಸುಮಾರು 9 ಮಿ.ಮೀ. ಇತ್ತು. ಮೊದಲ ಮಳೆಗಾಲ ಮುಗಿದ ಮೇಲೆ, 11,000 ಕಿ.ಮೀ.ಗೆ ಬಿಚ್ಚಿ ನೋಡಿದಾಗ ಬಲಗಾಲಿಯ ಎರಡೂ ಪ್ಯಾಡ್ ಏಳೂವರೆ ಇದ್ದವು. ಎಡಗಾಲಿಯಲ್ಲಿ ಹೊರಗಿನದು 8, ಒಳಗಿನದು 6. ಒಂದೇ ಗಾಲಿಯಲ್ಲಿ ಒಳಗಿನದು ಹೆಚ್ಚು ಸವೆದು ಹೊರಗಿನದು ಹಾಗೇ ಉಳಿದಿದ್ದರೆ ಮೊದಲು ಅನುಮಾನಪಡಬೇಕಾದದ್ದು ಪಿನ್ ಮೇಲೆ. ಈ ಕ್ಯಾಲಿಪರ್‌ಗೆ ಪಿಸ್ಟನ್ ಒಂದೇ, ಅದೂ ಒಳಬದಿಗೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಇಡೀ ಕ್ಯಾಲಿಪರ್ ಪಿನ್ ಮೇಲೆ ಸರಿದು ಹೊರಗಿನ ಪ್ಯಾಡನ್ನು ಎಳೆದುಕೊಳ್ಳಬೇಕು. ಪಿನ್ ಹಿಡಿದುಕೊಂಡರೆ ಕ್ಯಾಲಿಪರ್ ಸರಿಯುವುದಿಲ್ಲ, ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೇ ಬೀಳುತ್ತದೆ. ಬ್ರೇಕ್ ಬಿಟ್ಟ ಮೇಲೂ ಅದು ಡಿಸ್ಕಿಗೆ ಉಜ್ಜುತ್ತಾ ಇರುತ್ತದೆ. ಒಂದು ಸುತ್ತು ಓಡಿಸಿ ಬಂದು ಗಾಲಿಯ ಹತ್ತಿರ ಅಂಗೈ ಹಿಡಿಯಿರಿ, ಒಂದು ಬದಿಯ ಕಾವು ಇನ್ನೊಂದಕ್ಕಿಂತ ಹೆಚ್ಚಿದ್ದರೆ ಅಲ್ಲೇ ತೊಂದರೆ ಇದೆ. ಡಿಸ್ಕ್ ಮುಟ್ಟಬೇಡಿ, ಕೈ ಸುಟ್ಟೀತು.

ಎಡಗಾಲಿಯ ಕೆಳಗಿನ ಪಿನ್ ಎಳೆದಾಗ ಕಂಡದ್ದು ಇದು: ಪಿನ್ನಿಗೆ ಮಣ್ಣು ತಾಗದ ಹಾಗೆ ಮುಚ್ಚುವ ರಬ್ಬರ್ ಬೂಟಿನ ಮಡಿಕೆಯಲ್ಲಿ ಉಗುರಿನಷ್ಟು ಸೀಳು, ಪಿನ್ನಿನ ಅರ್ಧ ಬೆಳ್ಳಗೆ ಹೊಳೆಯುತ್ತಿದೆ, ಇನ್ನರ್ಧಕ್ಕೆ ಕಂದು ತುಕ್ಕು, ತೂತಿನ ಬುಡದಲ್ಲಿ ಗ್ರೀಸ್ ಮತ್ತು ಎರಿಮಣ್ಣು ಕಲಸಿ ಒಣಗಿದ ಜೋಳದ ಹಿಟ್ಟಿನ ಹಾಗೆ ಗಟ್ಟಿಯಾಗಿದೆ. ಮಳೆಯಲ್ಲಿ ಗಾಲಿಯ ಸಂದಿಗೆ ಹತ್ತಿದ ಎರಿ ಒಣಗಿದರೆ ಕಾಂಕ್ರೀಟು. ಬೂಟಿನಲ್ಲಿ ಸೂಜಿಮೊನೆಯಷ್ಟು ದಾರಿ ಸಿಕ್ಕರೂ ಒಳಗೆ ಹೋಗುತ್ತದೆ.

ಮನೆಯಲ್ಲಿ ಹಾಕುವವರಿಗೆ ಮೊದಲ ಎಚ್ಚರಿಕೆ ಜ್ಯಾಕ್ ಬಗ್ಗೆ. ಮಣ್ಣಿನ ಅಂಗಳದಲ್ಲಿ ಜ್ಯಾಕ್ ಇಳಿದುಹೋಗುತ್ತದೆ. ಶಹಾಬಾದ್ ಫರಸಿ ಹಾಸಿದ್ದರೆ ಕೆಳಗೆ ಪೊಳ್ಳಿದ್ದ ಕಡೆ ಕಲ್ಲು ಬಿರಿಯುತ್ತದೆ. ಒಂದೂವರೆ ಇಂಚಿನ ದಪ್ಪ ಹಲಗೆ ಕೆಳಗಿಡಿ. ಕಾರಿನ ಜೊತೆ ಬಂದ ಜ್ಯಾಕ್ ಎತ್ತುವುದಕ್ಕೆ ಮಾತ್ರ, ಎತ್ತಿದ ಮೇಲೆ ಭಾರ ಹೊರಲು ಸ್ಟ್ಯಾಂಡ್ ಬೇಕೇ ಬೇಕು. ಬಿಚ್ಚಿದ ಗಾಲಿಯನ್ನು ಬಾಡಿಯ ಕೆಳಗೆ ಮಲಗಿಸಿಡಿ. ಗಾಲಿ ನಟ್ಟುಗಳನ್ನು ಕಾರು ನೆಲದ ಮೇಲಿದ್ದಾಗಲೇ ಸಡಿಲಿಸಿಕೊಳ್ಳಿ.

ಕ್ಯಾಲಿಪರ್‌ನ ಎರಡು ಬೋಲ್ಟ್ ಬಿಚ್ಚುವಾಗ ಪಿನ್ ಕೂಡ ಸುತ್ತತೊಡಗಿದರೆ ಅದನ್ನು ಇನ್ನೊಂದು ಪಾನಾದಿಂದ ಹಿಡಿಯಬೇಕು. ಬಿಚ್ಚಿದ ಕ್ಯಾಲಿಪರ್ ಹೋಸ್‌ಪೈಪಿನಿಂದ ಜೋತಾಡಬಾರದು, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಹಳೆ ಪ್ಯಾಡಿನ ಹಿಂದಿನ ತೆಳು ಶಿಮ್ ತಗಡು, ಬ್ರಾಕೆಟ್ಟಿನ ಕ್ಲಿಪ್ ಎಸೆಯಬೇಡಿ, ಹೊಸ ಡಬ್ಬಿಯಲ್ಲಿ ಇಲ್ಲದಿದ್ದರೆ ಅವೇ ಬೇಕಾಗುತ್ತವೆ.

ಹೊಸ ಪ್ಯಾಡ್ ದಪ್ಪ, ಹಾಗಾಗಿ ಪಿಸ್ಟನ್ ಹಿಂದಕ್ಕೆ ಹೋಗಬೇಕು. ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ, ಮಟ್ಟ ಮೇಲಿನ ಗೆರೆ ಮುಟ್ಟಿದ್ದರೆ ಸಿರಿಂಜಿನಿಂದ ಸ್ವಲ್ಪ ತೆಗೆಯಿರಿ. ಇಲ್ಲವಾದರೆ ಉಕ್ಕಿ ಪೇಂಟ್ ಮೇಲೆ ಬೀಳುತ್ತದೆ, ಪೇಂಟ್ ಎದ್ದುಬರುತ್ತದೆ. ಬಿದ್ದರೆ ತಕ್ಷಣ ನೀರು ಸುರಿಯಿರಿ. ಹಳೆ ಪ್ಯಾಡನ್ನೇ ಪಿಸ್ಟನ್ನಿಗೆ ಅಡ್ಡ ಇಟ್ಟು ಸಿ-ಕ್ಲ್ಯಾಂಪಿನಿಂದ ನಿಧಾನ ಒತ್ತಿ. ಗಟ್ಟಿಯಾಗಿ ನಿಂತರೆ ಜೋರು ಮಾಡಬೇಡಿ. ಕ್ಯಾಲಿಪರ್ ಮೇಲಿನ ಗಾಳಿ ತೆಗೆಯುವ ಬ್ಲೀಡರ್ ನಿಪ್ಪಲ್ ಕಾಲು ಸುತ್ತು ತೆರೆದು ಮತ್ತೆ ಒತ್ತಿ: ಆಗ ಸಲೀಸಾಗಿ ಹೋದರೆ ಹೋಸ್‌ಪೈಪ್ ಒಳಗೇ ಊದಿ ಮುಚ್ಚಿಕೊಂಡಿದೆ ಅಂತ ತಿಳಿಯಿರಿ. ಆಗಲೂ ಹೋಗದಿದ್ದರೆ ಪಿಸ್ಟನ್ನೇ ತುಕ್ಕು ಹಿಡಿದಿದೆ. ನಿಪ್ಪಲ್ ತೆರೆದ ಮೇಲೆ ಗಾಳಿ ತೆಗೆಯದೆ ಕಾರು ಹೊರಗೆ ತರಬಾರದು.

ಈಗ ಪಿನ್. ಹಳೆ ಗ್ರೀಸ್ ಪೂರ್ತಿ ಒರೆಸಿ, ತೂತನ್ನು ಬ್ರೇಕ್ ಕ್ಲೀನರ್ ಮತ್ತು ಬಟ್ಟೆಯಿಂದ ತೊಳೆದು, ತುಕ್ಕು ತೆಳ್ಳಗಿದ್ದರೆ ನಯವಾದ ಪಾಲಿಶ್ ಕಾಗದದಿಂದ ಉಜ್ಜಿ. ಉಗುರಿಗೆ ಗುಳಿ ಸಿಗುವಷ್ಟಾಗಿದ್ದರೆ ಪಿನ್ ಬದಲಿಸಿ. ಹಚ್ಚಬೇಕಾದದ್ದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್, ಅದೂ ತೆಳ್ಳಗೆ. ತೂತಿನ ತುಂಬ ತುಂಬಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಪಿನ್ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಬೇಡವೇ ಬೇಡ. ಪೆಟ್ರೋಲು, ಡೀಸೆಲ್‌ನಿಂದ ತೊಳೆಯುವುದೂ ಬೇಡ. ಈ ಬೂಟ್ ರಬ್ಬರ್ ಖನಿಜ ತೈಲ ತಾಗಿದರೆ ಊದಿಕೊಳ್ಳುತ್ತದೆ, ಆಮೇಲೆ ಪಿನ್ ಇನ್ನೂ ಬಿಗಿ. ಗ್ಯಾರೇಜುಗಳಲ್ಲಿ ಹೆಚ್ಚಾಗಿ ಆಗುವ ತಪ್ಪು ಇದೇ. ಬೂಟ್ ಸೀಳಿದ್ದರೆ ಹೊಸದು ಹಾಕಿ, ಎಮ್-ಸೀಲ್, ಫೆವಿಕ್ವಿಕ್ ಅಂತ ತೇಪೆ ಹಾಕಬೇಡಿ. ಎಲ್ಲ ಮುಗಿದ ಮೇಲೆ ಪಿನ್ ಎರಡು ಬೆರಳಿನಲ್ಲಿ ಸರಾಗ ಸರಿಯಬೇಕು.

ಹಿಂದಿನ ಡ್ರಮ್ ಕೆಲಸ ಹೆಚ್ಚು ಬೇಸರದ್ದು. ಮುಂದಿನ ಗಾಲಿಗೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಇಳಿಸಿ, ಇಲ್ಲವಾದರೆ ಡ್ರಮ್ ಬರುವುದೇ ಇಲ್ಲ. ಒಳಗಿನ ಪುಡಿಯನ್ನು ಬಾಯಿಂದಾಗಲಿ ಗಾಳಿಯಿಂದಾಗಲಿ ಊದಬೇಡಿ, ಅದು ಪುಪ್ಪುಸಕ್ಕೆ ಹೋಗುತ್ತದೆ. ಒದ್ದೆ ಮಾಡಿ ಒರೆಸಿ. ಒಂದು ಬದಿ ಪೂರ್ತಿ ಜೋಡಿಸುವವರೆಗೆ ಇನ್ನೊಂದು ಬದಿ ಬಿಚ್ಚಬೇಡಿ, ಸ್ಪ್ರಿಂಗ್ ಯಾವ ತೂತಿಗೆ ಅನ್ನುವ ಗೊಂದಲಕ್ಕೆ ಅದೇ ನಕ್ಷೆ. ಶೂಗಳನ್ನು ಡ್ರಮ್ಮಿಗೆ ಒತ್ತುವ ವ್ಹೀಲ್ ಸಿಲಿಂಡರಿನ ರಬ್ಬರ್ ಅಂಚು ಎತ್ತಿ ನೋಡಿ, ಒಳಗೆ ಹಸಿ ಇದ್ದರೆ ಸಿಲಿಂಡರ್ ಸೋರುತ್ತಿದೆ, ಹೊಸ ಶೂ ಹಾಕಿಯೂ ದಂಡ. ಈ ಕಾರಿನ ಶೂಗಳು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿವೆ.

ಬ್ರೇಕ್ ಆಯಿಲ್ ಅಂತ ಕರೆದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯದು, ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 205 ಡಿಗ್ರಿಗೆ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಅದೇ ಲೆಕ್ಕ 230 ಮತ್ತು 155. ಹುಬ್ಬಳ್ಳಿ ಪೇಟೆಯಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅರಬೈಲ್ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟು ಬಂದರೆ ಹಳೆ ಆಯಿಲ್ ಕುದ್ದು ಆವಿಯಾಗಿ ಪೆಡಲ್ ಸ್ಪಂಜಿನ ಹಾಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಘಟ್ಟವನ್ನು ಎರಡನೇ ಗೇರಿನಲ್ಲಿ ಇಳಿಯಿರಿ. ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಹಾಕಿ.

ಜೋಡಣೆ ಮುಗಿದ ಕೂಡಲೇ, ಎಂಜಿನ್ ಶುರು ಮಾಡಿ ಕಾರು ಕದಲಿಸುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ಒತ್ತುತ್ತಾ ಇರಿ. ಮೊದಲ ಒತ್ತು ನೆಲಕ್ಕೇ ಹೋಗುತ್ತದೆ, ಪಿಸ್ಟನ್ ಇನ್ನೂ ಪ್ಯಾಡಿಗೆ ಮುಟ್ಟಿರುವುದಿಲ್ಲ. ಇದನ್ನು ಮರೆತು ರಿವರ್ಸ್ ಹಾಕಿದರೆ ಕಾರು ನಿಲ್ಲುವುದು ಗೋಡೆಗೆ. ನಂತರ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ ವೇಗವನ್ನು 50ರಿಂದ 10ಕ್ಕೆ ಎಂಟು ಹತ್ತು ಸಲ ಹದವಾಗಿ ಇಳಿಸಿ, ನಡುನಡುವೆ ಆರಲು ಬಿಡಿ, ಪೂರ್ತಿ ನಿಲ್ಲಿಸಬೇಡಿ. ಮೊದಲ 200 ಕಿ.ಮೀ. ಹಿಡಿತ ಸ್ವಲ್ಪ ಕಡಿಮೆಯೇ.

ಮಳೆಗಾಲದ ಬೆಳಿಗ್ಗೆ ಮೊದಲ ಎರಡು ಬ್ರೇಕಿಗೆ ಕರಕರ ಸದ್ದು ಬರುತ್ತದೆ, ಅದು ರಾತ್ರಿ ಡಿಸ್ಕಿಗೆ ಹಿಡಿದ ತುಕ್ಕು. ಉಣಕಲ್ಲಿನಿಂದ ವಿದ್ಯಾನಗರ ತಲುಪುವಷ್ಟರಲ್ಲಿ ಹೋಗಿರುತ್ತದೆ.

ಸದ್ಯ 34,000ಕ್ಕೆ ಮೂರು ಪ್ಯಾಡ್ 4 ಮಿ.ಮೀ. ಮೇಲಿವೆ. ಎಡಗಾಲಿಯ ಒಳಗಿನದು ಮಾತ್ರ 3ರ ಕೆಳಗೆ ಇಳಿದಿದೆ, ಪಿನ್ ಹಿಡಿದಿದ್ದ ಆ ಮೊದಲ ಮಳೆಗಾಲದ ಸವೆತವೇ ಕಾರಣ. ಪ್ಯಾಡ್ ಎರಡೂ ಗಾಲಿಗೆ ಒಟ್ಟಿಗೇ ಬದಲಿಸಬೇಕಾದ್ದರಿಂದ ಉಳಿದ ಮೂರನ್ನೂ ತೆಗೆಯಲೇಬೇಕು. ಹೊಸ ಸೆಟ್ ಇದೇ, ಈ ಸಲ ಜೊತೆಗೆ ನಾಲ್ಕು ಪಿನ್ ಬೂಟ್ ಕೂಡ. ಪಿನ್ ಬಿಚ್ಚಿ ನೋಡುವುದು ವರ್ಷಕ್ಕೊಮ್ಮೆ, ಮಳೆ ನಿಂತು ದೀಪಾವಳಿಗೆ ಮೊದಲು.